ಚೌಡಮ್ಮನ ಮಂಡಿ

ಮಾಘದಲ್ಲಿ ಒಂದು ಬೆಳಿಗ್ಗೆ ಭದ್ರಾ ಹೊಳೆಯ ಮೆಟ್ಟಿಲ ಮೇಲೆ ಚೌಡಮ್ಮನ ಬಲಗಾಲು ಎರಡು ಕಲ್ಲುಗಳ ಸಂದಿಗೆ ಸಿಕ್ಕಿಕೊಂಡಿತು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ. ಹಿಂದಿನಿಂದ ಯಾರೋ ಕರೆದರೆಂದು ಅವಳು ತಿರುಗಿದಳು. ಮೈ ತಿರುಗಿತು, ಪಾದ ತಿರುಗಲಿಲ್ಲ. ಮಂಡಿಯೊಳಗೆ ಪಟ್ ಎಂದ ಸದ್ದು ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಈಶ್ವರಮ್ಮನಿಗೂ ಕೇಳಿಸಿತಂತೆ. ಈಶ್ವರಮ್ಮ ಪಕ್ಕದ ಮನೆಯವಳು. ಅವಳಿಗೆ ಕೇಳಿಸದ ಸದ್ದು ಭದ್ರಾವತಿಯಲ್ಲಿ ಕಡಿಮೆ.

ನಾಟಿ ಪಂಡಿತ ಬಂದು ಸೊಪ್ಪಿನ ಪಟ್ಟು ಹಾಕಿ, ಬಿದಿರ ದಬ್ಬೆ ಕಟ್ಟಿ, ಮೂಳೆ ಮುರಿದಿಲ್ಲ, ಉಳುಕು ಅಷ್ಟೆ ಎಂದು ಹೇಳಿ ಹೋದ. ಮೂಳೆ ಮುರಿದಿರಲಿಲ್ಲ, ಅಷ್ಟು ನಿಜ. ತಿಂಗಳಲ್ಲಿ ಊತ ಇಳಿಯಿತು, ಚೌಡಮ್ಮ ಎದ್ದು ಓಡಾಡಿದಳು. ನೇರವಾಗಿ ನಡೆದರೆ ಏನೂ ತೊಂದರೆಯಿಲ್ಲ. ಪಕ್ಕಕ್ಕೆ ಹೊರಳಿದರೆ, ಹೊಸಿಲು ಇಳಿದರೆ, ಮಂಡಿ ಮುಂದಕ್ಕೆ ಜಾರಿ ಅವಳನ್ನು ನೆಲಕ್ಕೆ ಕೆಡವುತ್ತಿತ್ತು. ಯಾವಾಗ ಜಾರುತ್ತದೆ ಎಂಬುದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದ ಮಗಳು ಗಂಗೆಯನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು.

ಮನೆಯಲ್ಲಿ ತಾಯಿ ಮಗಳಲ್ಲದೆ ಇದ್ದವರು ಮೂವರು. ಮಾವ ಹೂವಪ್ಪ ಮೊದಲು ಕಾಡಿನಿಂದ ಕಬ್ಬಿಣದ ಕಾರ್ಖಾನೆಗೆ ಗಾಡಿಯಲ್ಲಿ ಇದ್ದಿಲು ಹೊಡೆಯುತ್ತಿದ್ದ. ಲಾರಿಗಳು ಬಂದ ಮೇಲೆ ಎತ್ತುಗಳನ್ನು ಮಾರಿ, ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಅತ್ತೆ ಬಂಗಾರಮ್ಮ ಊರಿಗೆ ಹೊಸ ಹೆಸರು ಬಂದು ಎಷ್ಟೋ ವರ್ಷವಾದರೂ ಬೆಂಕಿಪುರ ಎಂದೇ ಕರೆಯುವವಳು. ಮನೆಯಲ್ಲಿ ನಡೆಯುವುದೆಲ್ಲ ಅವಳ ಮಾತು. ಗಂಡ ಮೂರ್ತಪ್ಪನಿಗೆ ಕಾರ್ಖಾನೆಯ ಎರಕದ ಶೆಡ್ಡಿನಲ್ಲಿ ಕೆಲಸ. ಯುದ್ಧದ ಕಾಲವಾದ್ದರಿಂದ ಶಿಫ್ಟಿನ ಮೇಲೆ ಶಿಫ್ಟು. ಮನೆಗೆ ಬಂದರೆ ಊಟ, ನಿದ್ದೆ. ಎರಡರ ನಡುವೆ ಯಾರಾದರೂ ಕೇಳಿದರೆ ಒಂದು ಮಾತು.

ಯುಗಾದಿಗೆ ಬಂಗಾರಮ್ಮನ ತಮ್ಮ ಕೆರಿಯಪ್ಪ ಶಿವಮೊಗ್ಗದ ಆಚೆಯ ನವುಲೆಯಿಂದ ಊಟಕ್ಕೆ ಬಂದ. ಹೋಳಿಗೆ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದ ಚೌಡಮ್ಮ ಮಾವನ ಎಲೆಯಿಂದ ಕೆರಿಯಪ್ಪನ ಎಲೆಯ ಕಡೆಗೆ ಹೊರಳಿದಳು. ಮಂಡಿ ಜಾರಿತು. ಸಾರು ಕೆರಿಯಪ್ಪನ ಹೊಸ ಪಂಚೆಯ ಮೇಲೆ, ಪಂಚೆಯೊಳಗಿನ ತೊಡೆಯ ಮೇಲೆ. ಹಬ್ಬದ ಊಟ ಅಲ್ಲಿಗೆ ಮುಗಿಯಿತು.

ತಮ್ಮನ ತೊಡೆಗೆ ಬೆಣ್ಣೆ ಸವರಿ ಕಳಿಸಿದ ಮೇಲೆ ಬಂಗಾರಮ್ಮ ಮಗನನ್ನು ಕೂರಿಸಿಕೊಂಡಳು.

“ನೋಡು ಮೂರ್ತ, ಇವಳನ್ನ ಓಡಿಸು ಅಂತ ನಾನೇನು ಹೇಳ್ತಿಲ್ಲ. ಇವಳೂ ಇರ್ಲಿ. ಕೆರಿಯಪ್ಪನ ಮಗಳು ಹಾಲಮ್ಮನ್ನೂ ತಂದ್ಕೊಳಣ. ಮನೆಗೆ ಎರಡು ಗಟ್ಟಿ ಕಾಲಾದ್ರೂ ಬೇಕಲ್ಲ.”

“ಈಗ್ಯಾಕವ್ವ ಆ ಮಾತು?”

“ಈಗಲ್ಲ ಮಾರಾಯ, ದೀಪಾವಳಿಗೆ. ಅಷ್ಟರಲ್ಲಿ ಇವಳು ಬೀಸೋಕಲ್ಲಿನ ಮುಂದೆ ಕೂತು ಮೊದ್ಲಿನ ಹಾಗೆ ರಾಗಿ ಬೀಸಿದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ.”

ಮೂರ್ತಪ್ಪ ಎದ್ದು ಹೊರಗೆ ಹೋದ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಚೌಡಮ್ಮನಿಗೆ ಎಲ್ಲವೂ ಕೇಳಿಸಿತು. ಮರುದಿನ ಗಂಡನಿಗೆ ಬುತ್ತಿ ಕೊಡುತ್ತಾ ಅವಳು ಅದನ್ನೇ ಎತ್ತಿದಳು.

“ಅತ್ತೆ ಅಷ್ಟು ಹೇಳಿದ್ರೂ ನೀವು ಏನೂ ಅನ್ಲಿಲ್ಲ.”

“ಅನ್ನೋದೇನಿದೆ? ನಿನ್ನ ಕಾಲು ಸರಿಹೋದ್ರೆ ಆ ಮಾತೇ ಇರಲ್ಲವಲ್ಲ.”

“ಸರಿಹೋಗ್ದಿದ್ರೆ?”

“ಶಿಫ್ಟಿಗೆ ಹೊತ್ತಾಯ್ತು,” ಎಂದು ಮೂರ್ತಪ್ಪ ಹೊರಟ.

ಆದರೂ ಅವನು ಸುಮ್ಮನಿರಲಿಲ್ಲ. ಕಾರ್ಖಾನೆಯ ಕಾಂಪೌಂಡರನ್ನು ವಿಚಾರಿಸಿ ಬಂದ. ಶಿವಮೊಗ್ಗದ ಆಸ್ಪತ್ರೆಗೆ ಹೊಸದಾಗಿ ಬಂದ ಸರ್ಜನ್ ಒಬ್ಬರು ವಿಲಾಯತಿಯಲ್ಲಿ ಕಲಿತು ಬಂದವರೆಂದೂ ಇಂಥ ಮಂಡಿ ಕಂಡರೆ ಬಿಡುವುದಿಲ್ಲವೆಂದೂ ತಿಳಿಯಿತು. ಸೊಸೆಯನ್ನು ರೈಲಿಗೆ ಹತ್ತಿಸಿಕೊಂಡು ಹೋಗುವ ಕೆಲಸ ಹೂವಪ್ಪನಿಗೆ ಬಿತ್ತು. ಬಂಗಾರಮ್ಮನೂ ಹೊರಟಳು. ತನಗೆ ಗೊತ್ತಿಲ್ಲದೆ ಏನಾದರೂ ತೀರ್ಮಾನವಾಗುವುದು ಅವಳಿಗೆ ಆಗುತ್ತಿರಲಿಲ್ಲ.

ಡಾಕ್ಟರು ಚೌಡಮ್ಮನನ್ನು ಬೆಂಚಿನ ಮೇಲೆ ಮಲಗಿಸಿ, ಮಂಡಿ ಮಡಿಸಿ, ಪಾದದ ಮೇಲೆ ತಾವೇ ಕೂತು, ಕೆಳಗಾಲನ್ನು ಎರಡೂ ಕೈಯಿಂದ ಹಿಡಿದು ಎಳೆದರು. ಮೇಜಿನ ಖಾನೆ ಎಳೆದ ಹಾಗೆ ಅದು ಮುಂದಕ್ಕೆ ಬಂತು. ಬಂಗಾರಮ್ಮ ಮುಖ ತಿರುಗಿಸಿಕೊಂಡಳು.

“ಒಳಗಡೆ ಎರಡು ಮೂಳೇನ ಹಿಡ್ಕೊಂಡಿರೋ ಒಂದು ಗಟ್ಟಿ ನಾರಿರುತ್ತೆ ಕಣಮ್ಮ. ಅದು ಹರಿದುಹೋಗಿದೆ. ತಾನಾಗಿ ಕೂಡೋದಲ್ಲ,” ಎಂದರು ಡಾಕ್ಟರು. “ತೊಡೆಯ ಹೊರಮಗ್ಗುಲಲ್ಲಿ ಮಾಂಸದ ಮೇಲೆ ಬಿಳೀ ಹಾಳೆಯಂಥದ್ದು ಇರುತ್ತೆ. ಅದ್ರಲ್ಲಿ ಉದ್ದಕ್ಕೆ ಒಂದು ಪಟ್ಟಿ ಸೀಳಿ, ಮೂಳೇಲಿ ತೂತು ಕೊರೆದು, ಅದ್ರೊಳಗೆ ಪೋಣಿಸಿ ಬಿಗಿದು ಕಟ್ಟಬೇಕು.”

“ಹಾಳಾಗಿರೋದು ಮಂಡಿ ಸ್ವಾಮಿ. ಚೆನ್ನಾಗಿರೋ ತೊಡೇನ ಯಾಕೆ ಕೊಯ್ಬೇಕು?” ಎಂದಳು ಬಂಗಾರಮ್ಮ.

“ಬೇರೆ ಎಲ್ಲಿಂದ ತರ್ಲಮ್ಮ? ಬೇರೆಯವರದ್ದು ಹಿಡಿಯಲ್ಲ.”

“ನೀವು ಈ ಮುಂಚೆ ಯಾರಿಗಾದ್ರೂ ಮಾಡಿದೀರಾ?” ಹೂವಪ್ಪ ಕೇಳಿದ.

“ಇಲ್ಲಿಗೆ ಬಂದ ಮೇಲೆ ಒಬ್ಬನಿಗೆ ಮಾಡಿದೀನಿ. ನಡೀತಾನೆ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ.”

ಬಂಗಾರಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಹೊರಡೋಣ ಎಂದು ಅದರ ಅರ್ಥ. ಚೌಡಮ್ಮ ಬೆಂಚಿನಿಂದ ಇಳಿಯಲಿಲ್ಲ.

“ಮಾಡಿ ಸ್ವಾಮಿ,” ಎಂದಳು. ಅತ್ತೆಯ ಎದುರಿಗೆ ಅವಳು ತಾನಾಗಿ ಒಂದು ತೀರ್ಮಾನ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಕುಡಿಯಲು ನೀರು ಕೇಳಿದಳು.

ವೈಶಾಖದಲ್ಲಿ ಆಪರೇಷನ್ ಆಯಿತು. ತೊಡೆಯಿಂದ ಮೀನಖಂಡದವರೆಗೆ ಸುಣ್ಣದ ಪಟ್ಟಿ ಹಾಕಿ ವಾರ್ಡಿನಲ್ಲಿ ಮಲಗಿಸಿದರು. ದಿನ ಬಿಟ್ಟು ದಿನ ಹೂವಪ್ಪ ಕ್ಯಾರಿಯರ್ ಹಿಡಿದು ರೈಲು ಹತ್ತಿ ಊಟ ತಂದುಕೊಟ್ಟ. ಎತ್ತು ಮಾರಿದ ಮೇಲೆ ಅವನಿಗೆ ಊರಿಂದ ಊರಿಗೆ ಹೋಗುವ ಕೆಲಸವೊಂದು ಸಿಕ್ಕಿತ್ತು. ಬರುಬರುತ್ತಾ ದಿನದ ಹಳೇ ರುಮಾಲನ್ನು ಬಿಟ್ಟು ಹಬ್ಬದ ರುಮಾಲನ್ನೇ ಸುತ್ತಿಕೊಂಡು ಬರತೊಡಗಿದ.

“ಮನೇಲಿ ಹೇಗಿದೆ ಮಾವ?” ಚೌಡಮ್ಮ ಕೇಳುತ್ತಿದ್ದಳು.

“ಇದೆ. ನಿಮ್ಮತ್ತೆ ಬೀಸ್ತಾಳೆ, ಬೈತಾಳೆ. ಎರಡೂ ಒಟ್ಟೊಟ್ಟಿಗೆ.”

“ಗಿರಣಿಗೆ ಹಾಕಿಸ್ಬಾರದಾ?”

“ಗಿರಣಿ ಹಿಟ್ಟು ಬಿಸಿಗೆ ಬೆಂದ್ಹೋಗಿರುತ್ತಂತೆ, ಮುದ್ದೆ ಹಿಡಿಯಲ್ಲವಂತೆ. ನಾನು ಹೇಳಿ ಬೈಸ್ಕೊಂಡಿದ್ದಾಯ್ತು.”

ಸುಣ್ಣದ ಪಟ್ಟಿ ಒಡೆದು ತೆಗೆದ ದಿನ ಡಾಕ್ಟರು ಹೂವಪ್ಪನನ್ನೂ ಒಳಗೆ ಕರೆದರು. ಕಾಲು ಸಣ್ಣಗಾಗಿ ಬಿಳಿಚಿಕೊಂಡಿತ್ತು. ಡಾಕ್ಟರು ಮತ್ತೆ ಎಳೆದು ನೋಡಿದರು. ಈ ಸಲ ಅದು ಬರಲಿಲ್ಲ. ಅವರಿಗೇ ಖುಷಿಯಾಗಿ ನರ್ಸನ್ನು ಕರೆದು ತೋರಿಸಿದರು.

“ನಡೀಬೇಕು, ದಿನಾ ಒಂದಿಷ್ಟು ಮಡಿಸ್ಬೇಕು. ಆದ್ರೆ ಮುಂದಿನ ಯುಗಾದಿ ತನಕ ನೆಲದ ಮೇಲೆ ಕೂರೋದು, ಕುಕ್ಕರಗಾಲಲ್ಲಿ ಕೂರೋದು, ಎರಡೂ ಇಲ್ಲ. ಕಸಿ ಕಟ್ಟಿದ ಗಿಡ ಇದ್ದ ಹಾಗೆ. ಮೇಲೆ ನೋಡಿದ್ರೆ ಹಿಡಿದ ಹಾಗೇ ಕಾಣುತ್ತೆ, ಒಳಗೆ ಹಿಡಿಯೋಕೆ ಟೈಮ್ ಬೇಕು. ಈಗ ಹರಿದ್ರೆ ಇನ್ನೊಂದು ಸಲ ನಾನು ಮಾಡಲ್ಲ.”

“ಯುಗಾದಿ ತನಕ?” ಎಂದಳು ಚೌಡಮ್ಮ. ಬಂಗಾರಮ್ಮ ಕೊಟ್ಟ ಗಡುವು ದೀಪಾವಳಿಯದು. ರೈಲಿನಲ್ಲಿ ಬರುವಾಗ ಅವಳು ಬೆರಳು ಮಡಿಸಿ ತಿಂಗಳು ಎಣಿಸಿದಳು.

ಮನೆಯಲ್ಲಿ ಚೌಡಮ್ಮ ಗೋಡೆ ಹಿಡಿದು ನಡೆದಳು, ಆಮೇಲೆ ಗೋಡೆ ಬಿಟ್ಟು ನಡೆದಳು. ನಿಂತು ಮಾಡುವ ಕೆಲಸವನ್ನೆಲ್ಲ ಮಾಡಿದಳು. ಆದರೆ ಆ ಮನೆಯಲ್ಲಿ ನಿಂತು ಮಾಡುವ ಕೆಲಸ ಎಷ್ಟಿತ್ತು? ಒಲೆ ನೆಲದಲ್ಲಿ, ಈಳಿಗೆಮಣೆ ನೆಲದಲ್ಲಿ, ಒರಳು ನೆಲದಲ್ಲಿ, ಬೀಸುವ ಕಲ್ಲು ಹಿತ್ತಲ ಕಡೆಯ ಚಪ್ಪರದ ನೆಲದಲ್ಲಿ. ಊಟಕ್ಕೆ ಎಲ್ಲರೂ ಕೆಳಗೆ ಕೂತರೆ ಅವಳೊಬ್ಬಳು ಮಗ್ಗುಲಲ್ಲಿ ಸ್ಟೂಲಿನ ಮೇಲೆ. ಮಾವನಿಗಿಂತ ಎತ್ತರದಲ್ಲಿ ಕೂತು ಉಣ್ಣಲು ನಾಚಿಕೆಯಾಗಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

“ನೆಟ್ಟಗೆ ನಡೀತೀಯ. ಬೀಸೋಕೆ ಏನು ಬಂತು?” ಬಂಗಾರಮ್ಮ ಬಿಡಲಿಲ್ಲ. “ಕೆಟ್ಟ ಕಾಲು ಚಾಚ್ಕೋ, ಒಳ್ಳೇ ಕಾಲು ಮಡಿಚ್ಕೋ. ಕೈಯಲ್ಲಿ ತಾನೆ ಬೀಸೋದು?”

“ಕೂರೋವಾಗ ಏಳೋವಾಗ ಮಡಿಚ್ಲೇಬೇಕಲ್ಲ ಅತ್ತೆ. ಕಲ್ಲು ಎಳೆಯೋವಾಗ ಕಾಲು ಊರ್ಲೇಬೇಕಲ್ಲ.”

“ಎಲ್ಲಕ್ಕೂ ಒಂದು ಮಾತು ಇಟ್ಕೊಂಡಿರ್ತೀಯ.”

“ಡಾಕ್ಟರು ಹೇಳಿದ್ದು ಮಾರಾಯ್ತಿ, ನಾನೂ ಕೇಳಿದೀನಿ,” ಎಂದ ಹೂವಪ್ಪ ಜಗಲಿಯಿಂದ.

“ಡಾಕ್ಟರು ಬಂದು ಬೀಸಿಕೊಡ್ತಾರಾ?”

ಹೂವಪ್ಪ ಎಲೆಗೆ ಸುಣ್ಣ ಹಚ್ಚತೊಡಗಿದ. ಬಂಗಾರಮ್ಮನ ಸಂಕಟವೂ ಸುಳ್ಳಲ್ಲ. ಮೊಮ್ಮಗಳನ್ನು ಕಂಡ ವಯಸ್ಸಿನಲ್ಲಿ ಅವಳು ಒಬ್ಬಳೇ ಬೀಸಿ, ಸಾರಿಸಿ, ಹೊಳೆಯ ನೀರು ಹೊತ್ತು, ನವರಾತ್ರಿಗೆ ಮುಂಚೆಯೇ ಬಲಭುಜ ಎತ್ತಲಾರದಂತಾಯಿತು. ಬಿಸಿ ಹುಣಸೆಸೊಪ್ಪಿನ ಶಾಖ ಕೊಟ್ಟುಕೊಂಡು ನಡುಮನೆಯಲ್ಲಿ ಮಲಗಿದಳು. ಮಲಗಿದಲ್ಲಿಂದಲೇ ತಮ್ಮನಿಗೆ ಹೇಳಿಕಳಿಸಿದಳು.

ಕೆರಿಯಪ್ಪ ಮಗಳು ಹಾಲಮ್ಮನನ್ನು ಕರೆತಂದು ಬಿಟ್ಟುಹೋದ. ಹೆಸರಿಗೆ ಅತ್ತೆಯ ಆರೈಕೆಗೆ. ದೀಪಾವಳಿಗೆ ಬಂದು ಮಾತು ಮುಗಿಸುತ್ತೇನೆ ಎಂದು ಹೋಗುವಾಗ ಹೇಳಿದ. ಹಾಲಮ್ಮ ಎತ್ತರದ ಹುಡುಗಿ, ತೋಳು ಗಟ್ಟಿ, ಮಾತು ಇನ್ನೂ ಗಟ್ಟಿ. ಬಂದ ಮರುದಿನವೇ ಕೋಳಿ ಕೂಗುವ ಹೊತ್ತಿಗೆ ಎದ್ದು ಹಾಡುತ್ತಾ ರಾಗಿ ಬೀಸಿದಳು. ಹಾಡಿಲ್ಲದೆ ಬೀಸುವ ಹೆಂಗಸು ಆ ಕೇರಿಯಲ್ಲಿ ಇರಲಿಲ್ಲ; ಯಾರ ಮನೆಯಲ್ಲಿ ಯಾರು ಬೀಸುತ್ತಿದ್ದಾರೆ ಎಂಬುದು ಹಾಡಿನಿಂದಲೇ ಗೊತ್ತಾಗುತ್ತಿತ್ತು. ಬೆಳಗಾಗುವುದರೊಳಗೆ ಈಶ್ವರಮ್ಮ ಬೇಲಿಯ ಹತ್ತಿರ ಬಂದಳು.

“ಹೊಸ ದನಿ ಕೇಳ್ತಲ್ಲ ಚೌಡಮ್ಮ. ಇನ್ನು ಇಲ್ಲೇ ಇರೋ ದನೀನಾ?”

ಚೌಡಮ್ಮ ಒಳಗೆ ಹೋದಳು. ಆ ದಿನ ಅವಳಿಗೆ ಅನ್ನ ಸೇರಲಿಲ್ಲ. ಮಧ್ಯಾಹ್ನ ಹಾಲಮ್ಮ ಮೂರ್ತಪ್ಪನಿಗೆ ಬಡಿಸುವುದನ್ನೂ ಅವನು ತಲೆಯೆತ್ತದೆ ಉಂಡು ಇನ್ನೊಂದು ಮುದ್ದೆ ಕೇಳುವುದನ್ನೂ ಸ್ಟೂಲಿನ ಮೇಲಿಂದ ನೋಡಿದಳು.

ಮರುದಿನ ಬೆಳಿಗ್ಗೆ ಹಾಲಮ್ಮ ಹಿತ್ತಲಿಗೆ ಬಂದಾಗ ಚೌಡಮ್ಮ ಕಲ್ಲಿನ ಮುಂದಿದ್ದಳು. ಒಂದು ಕೈ ಗೋಡೆಯ ಮೇಲಿಟ್ಟು, ಮೆಲ್ಲಗೆ ಕೆಳಕ್ಕೆ ಇಳಿಯುತ್ತಿದ್ದಳು.

“ಏಳಕ್ಕ,” ಎಂದು ಹಾಲಮ್ಮ ರಟ್ಟೆ ಹಿಡಿದು ಎತ್ತಿದಳು. “ಏನ್ ಮಾಡ್ತಿದೀಯ?”

“ಬಿಡು. ನನ್ನ ಕಲ್ಲು, ನಾನು ಬೀಸ್ತೀನಿ.”

“ನೀನು ಕಾಲು ಮುರ್ಕೊಂಡ್ರೆ ನಾನು ಇಲ್ಲೇ ಇರ್ಬೇಕಾಗುತ್ತೆ ಮಾರಾಯ್ತಿ. ಸ್ವಲ್ಪ ನನ್ನ ಬಗ್ಗೆನೂ ಯೋಚ್ನೆ ಮಾಡು.”

ಚೌಡಮ್ಮ ಅವಳ ಮುಖ ನೋಡಿದಳು.

“ನಿಂಗೆ ಇಷ್ಟ ಇಲ್ವಾ?”

“ಇಷ್ಟ ಆಗೋಕೆ ಏನಿದೆ? ಮೂರ್ತ ಬಾವನ್ನ ನೋಡಿದ್ರೆ ನಂಗೆ ನಿದ್ದೆ ಬರುತ್ತೆ. ಎರಡನೇಳಾಗಿ ಬಂದ್ರೆ ಬೀಸೋದು ನಾನು, ಯಜಮಾನ್ತಿ ನೀನು, ಬೈಸ್ಕೊಳ್ಳೋದು ಇಬ್ರೂ. ಅಪ್ಪನ ಹತ್ರ ಹೇಳಿದ್ರೆ ಅತ್ತೇನ ಕೇಳು ಅಂತಾನೆ. ಅತ್ತೆ ಹತ್ರ ಹೇಳೋಕೆ ಯಾರಿಗೆ ಧೈರ್ಯ ಇದೆ ಹೇಳು?”

ಚೌಡಮ್ಮನಿಗೆ ನಗು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿರಲಿಲ್ಲ.

ಉಪಾಯ ಹೊಳೆದದ್ದು ಹಾಲಮ್ಮನಿಗೆ. ಬಂಗಾರಮ್ಮ ಭುಜ ನೋವಿನಿಂದ ಬಿಸಿಲೇರುವವರೆಗೆ ಏಳುತ್ತಿರಲಿಲ್ಲ. ನಡುಮನೆಯಿಂದ ಹಿತ್ತಲ ಚಪ್ಪರ ಕಾಣಿಸುವುದಿಲ್ಲ, ಕೇಳಿಸುತ್ತದೆ. ಹಾಲಮ್ಮ ಬಾಯಿ ಮುಚ್ಚಿಕೊಂಡು ಬೀಸುವುದು, ಚೌಡಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹಾಡುವುದು. ಕಲ್ಲಿನ ಸದ್ದು, ಚೌಡಮ್ಮನ ದನಿ. ಇನ್ನೇನು ಬೇಕು?

ಮೊದಲ ದಿನ ಚೌಡಮ್ಮ ಹೆದರಿ ಹೆದರಿ ಹಾಡಿದಳು. ಆಮೇಲೆ ರೂಢಿಯಾಯಿತು. ಹಿಟ್ಟನ್ನು ಮೊರದಲ್ಲಿ ತಂದು ಅತ್ತೆಯ ಮುಂದಿಟ್ಟಾಗ ಬಂಗಾರಮ್ಮ ಚಿಟಿಕೆ ಎತ್ತಿ ಬೆರಳಲ್ಲಿ ಉಜ್ಜಿ ನೋಡಿದಳು.

“ನೀನಾ ಬೀಸಿದ್ದು?”

“ಹ್ಞೂಂ ಅತ್ತೆ.”

“ಕಾಲು?”

“ಚಾಚ್ಕೊಂಡಿದ್ದೆ.”

“ನಾನು ಮೊದ್ಲೇ ಹೇಳಿರ್ಲಿಲ್ವಾ,” ಎಂದು ಬಂಗಾರಮ್ಮ ಮೊರ ಪಕ್ಕಕ್ಕಿಟ್ಟಳು.

ಇಬ್ಬರಿಗೂ ಅದು ದಿನದ ಆಟವಾಯಿತು. ಹಾಲಮ್ಮ ಬೀಸುತ್ತಲೇ ಕೈಸನ್ನೆಯಲ್ಲಿ ಯಾವ ಹಾಡು ಎಂದು ಹೇಳುವಳು. ಚೌಡಮ್ಮ ತವರಿನಲ್ಲಿ ಕಲಿತದ್ದನ್ನೆಲ್ಲ ಎಳೆದೆಳೆದು ಹಾಡುವಳು. ಬೀಸಿ ಮುಗಿದ ಮೇಲೆ ಹಾಲಮ್ಮ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಡಾಕ್ಟರು ಹೇಳಿದಂತೆ ಮಡಿಸಿ ಬಿಡಿಸುವಳು. ಗಂಗೆ ತಾಯಿಯನ್ನು ಬಿಟ್ಟು ಹಾಲಮ್ಮನ ಬೆನ್ನಿಗೆ ಬಿದ್ದಳು. ಹೂವಪ್ಪ ಒಂದು ಬೆಳಿಗ್ಗೆ ಹಿತ್ತಲಿಗೆ ಬಂದು, ಇಬ್ಬರನ್ನೂ ನೋಡಿ, ಚೊಂಬು ಹಿಡಿದು ಬಂದ ದಾರಿಯಲ್ಲೇ ವಾಪಸು ಹೋದ. ಯಾರಿಗೂ ಹೇಳಲಿಲ್ಲ.

ದೀಪಾವಳಿ ಮುಗಿದ ಮರುದಿನ ಕೆರಿಯಪ್ಪ ಬಂದ. ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತರು. ಮೂರ್ತಪ್ಪನಿಗೂ ಅಂದು ರಜೆ. ಕೆರಿಯಪ್ಪ ಗಂಟಲು ಸರಿಮಾಡಿಕೊಂಡ.

“ಏನಕ್ಕ, ಲಗ್ನ ಯಾವಾಗ ಇಟ್ಕೊಳಣ?”

“ಯಾವ ಲಗ್ನ?” ಎಂದಳು ಬಂಗಾರಮ್ಮ.

“ಇದೇನು ಹೀಗಂತೀಯ?”

“ನನ್ನ ಸೊಸೆ ಕಾಲು ಸರಿಹೋಗಿದೆ. ತಿಂಗಳಿಂದ ದಿನಾ ಬೀಸ್ತಿದಾಳೆ, ಬೇಕಾದ್ರೆ ಈಶ್ವರಮ್ಮನ್ನ ಕೇಳು. ಇವಳು ಬೀಸಿದ್ರೆ ಬಾಯಿ ಮುಚ್ಕೊಂಡಿರ್ತೀನಿ ಅಂತ ಹೇಳಿದ್ದೆ, ಮುಚ್ಕೊಂಡಿದೀನಿ. ನಿನ್ನ ಮಗಳನ್ನ ಕರ್ಕೊಂಡ್ಹೋಗು. ಒಳ್ಳೇ ಕಡೆ ನೋಡಿ ಮಾಡು.”

ಕೆರಿಯಪ್ಪ ಅಳಿಯನ ಮುಖ ನೋಡಿದ. ಮೂರ್ತಪ್ಪ ಅವ್ವನ ಮುಖ ನೋಡಿದ. ಹಾಲಮ್ಮ ಬಟ್ಟೆ ಗಂಟು ಕಟ್ಟಲು ಅಷ್ಟರಲ್ಲೇ ಒಳಗೆ ಹೋಗಿಯಾಗಿತ್ತು. ಸಂಜೆಯ ರೈಲಿಗೆ ಅಪ್ಪ ಮಗಳು ಹೊರಟರು. ಹಾಲಮ್ಮ ಬಾಗಿಲಲ್ಲಿ ಚೌಡಮ್ಮನ ಕೈ ಒತ್ತಿ, ನಾಳೆ ಏನು ಮಾಡ್ತೀಯ ಎಂದು ಮೆಲ್ಲಗೆ ಕೇಳಿದಳು. ಇಬ್ಬರೂ ಅಲ್ಲಿಯವರೆಗೆ ಅದನ್ನು ಯೋಚಿಸಿಯೇ ಇರಲಿಲ್ಲ.

ಬೆಳಿಗ್ಗೆ ಚೌಡಮ್ಮ ಒಬ್ಬಳೇ ರಾಗಿಯ ಮೊರ ಹಿಡಿದು ಕಲ್ಲಿನ ಮುಂದೆ ನಿಂತಳು. ಬೀಸದಿದ್ದರೆ ತಿಂಗಳಿಡೀ ಹೇಳಿದ ಸುಳ್ಳು ಹೊರಬೀಳುತ್ತದೆ, ಕೆರಿಯಪ್ಪನಿಗೆ ಮತ್ತೆ ಹೇಳಿಕಳಿಸುತ್ತಾರೆ. ಬೀಸಿದರೆ ಒಳಗಿನ ಪಟ್ಟಿ ಹರಿಯಬಹುದು. ಅವಳು ಗೋಡೆ ಹಿಡಿದು ಇಳಿದಳು. ಅರ್ಧಕ್ಕೆ ಬಂದಾಗ ಮಂಡಿಯೊಳಗೆ ಬಿಗಿಯಾಗಿ ಏನೋ ಎಳೆಯಿತು. ಅವಳಿಗೆ ಭಯವಾಯಿತು, ಭಯದ ಹಿಂದೆಯೇ ಸಿಟ್ಟು ಬಂತು. ತೊಡೆ ಕೊಯ್ಯಿಸಿಕೊಂಡು ಪಡೆದ ಕಾಲು ಇದು. ಮೊರವನ್ನು ಕಲ್ಲಿನ ಮೇಲಿಟ್ಟು ಗೋಡೆ ಹಿಡಿದು ಎದ್ದಳು.

ನಡುಮನೆಯಲ್ಲಿ ಬಂಗಾರಮ್ಮ ಎದ್ದು ಕೂತಿದ್ದಳು. ಮೂರ್ತಪ್ಪ ಶಿಫ್ಟಿಗೆ ಹೊರಡುವ ಮುಂಚೆ ತಂಗಳು ಉಣ್ಣುತ್ತಿದ್ದ. ಹೂವಪ್ಪ ಬಾಗಿಲಲ್ಲಿದ್ದ.

“ಅತ್ತೆ, ಬೀಸಿದ್ದು ನಾನಲ್ಲ,” ಎಂದಳು ಚೌಡಮ್ಮ ನಿಂತೇ. “ಹಾಲಮ್ಮ ಬೀಸ್ತಿದ್ಲು, ನಾನು ಹಾಡ್ತಿದ್ದೆ. ಯುಗಾದಿ ತನಕ ನಾನು ನೆಲಕ್ಕೆ ಕೂರಲ್ಲ. ನೀವು ಯಾರನ್ನಾದ್ರೂ ತನ್ನಿ.”

ಮೂರ್ತಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು.

“ಗೊತ್ತು,” ಎಂದಳು ಬಂಗಾರಮ್ಮ.

“ಗೊತ್ತಾ? ಯಾವಾಗಿಂದ?”

“ಮೊದಲನೇ ದಿನದಿಂದ. ಬೀಸೋಳಿಗೆ ಅಷ್ಟುದ್ದ ರಾಗ ಎಳೆಯೋಕೆ ಉಸಿರೆಲ್ಲಿರುತ್ತೆ? ಕಲ್ಲು ಎಳೆದಾಗೆಲ್ಲ ದನಿ ಕಡೀಬೇಕು. ನಿಂದು ಭಜನೆ ಮನೇಲಿ ಕೂತು ಹಾಡಿದ ಹಾಗಿತ್ತು. ನಾನು ಹಿಟ್ಟು ತಿಂದು ಬೆಳೆದೋಳು ಕಣೇ, ಕಿವುಡಿ ಅಲ್ಲ.”

ಮುಂದಿನದನ್ನು ಕೇಳಿದ್ದು ಹೂವಪ್ಪ.

“ಗೊತ್ತಿದ್ದೂ ಹಾಲೀನ ಯಾಕೆ ಕಳಿಸ್ದೆ ಮಾರಾಯ್ತಿ? ನೀನೇ ತರಿಸಿದ್ದಲ್ಲ?”

“ನನ್ನ ಸ್ವಂತ ತಮ್ಮನ ಮಗಳು,” ಎಂದಳು ಬಂಗಾರಮ್ಮ. “ಬಂದು ಎರಡು ದಿನ ಆಗಿರ್ಲಿಲ್ಲ, ಇವಳ ಜೊತೆ ಸೇರ್ಕೊಂಡು ನನ್ನ ಕಿವಿಗೆ ಹೂ ಇಟ್ಲು. ತಿಂಗಳಿಡೀ ಇಟ್ಲು. ಹಿತ್ತಲಲ್ಲಿ ಇಬ್ರೂ ಬಾಯಿಗೆ ಸೆರಗು ತುರುಕ್ಕೊಂಡು ನಗೋದು ನಂಗೆ ಕೇಳಿಸ್ತಿತ್ತು. ಅವಳನ್ನ ಇವಳಿಗೆ ಸವತಿ ಅಂತ ತಂದ್ರೆ ನನಗೆ ಏನು ಸಿಗುತ್ತೆ? ಇಬ್ರು ಸೊಸೇರು ಒಂದೇ ಬಾಯಾದ್ರೆ ಆಮೇಲೆ ಈ ಮನೇಲಿ ನಾನು ಯಾರು? ಬೇಡಪ್ಪ. ನಂಗೆ ಇವಳೊಬ್ಳೇ ಸಾಕು. ಯುಗಾದಿ ತನಕ ರಾಗಿ ಗಿರಣಿಗೇ ಹೋಗ್ಲಿ.”

ಮೂರ್ತಪ್ಪ ತುತ್ತನ್ನು ಬಾಯಿಗೆ ಹಾಕಿಕೊಂಡ. “ಹಾಗಾದ್ರೆ ಲಗ್ನ ಇಲ್ವಾ?” ಎಂದ.

“ಇಲ್ಲ,” ಎಂದರು ಅತ್ತೆ ಸೊಸೆ ಇಬ್ಬರೂ.

ಒಟ್ಟಿಗೆ ಬಂದ ಆ ಮಾತು ಬಂಗಾರಮ್ಮನಿಗೆ ಹಿಡಿಸಲಿಲ್ಲ. ಸೊಸೆಯ ಕಡೆ ಒಂದು ಸಲ ನೋಡಿದಳು, ಎಡಗೈಯಿಂದ ಭುಜ ತಿಕ್ಕಿಕೊಂಡಳು.

“ಸುಮ್ನೆ ನಿಂತ್ಕೋಬೇಡ,” ಎಂದಳು. “ಸ್ಟೂಲು ತಂದು ಇಲ್ಲಿ ಹಾಕ್ಕೊಂಡು ಈ ಭುಜ ಒಂದಿಷ್ಟು ತಿಕ್ಕು. ಅದಕ್ಕೇನು ಮಂಡಿ ಮಡಿಚ್ಬೇಕಾಗಿಲ್ಲ.”

ಚೌಡಮ್ಮ ಸ್ಟೂಲು ತಂದು ಅತ್ತೆಯ ಹಿಂದೆ ಹಾಕಿ ಕೂತಳು. ಭುಜಕ್ಕೆ ಕೈ ಹಾಕಿದಾಗ ಅದು ಎಷ್ಟು ಊದಿದೆ ಎಂದು ಅವಳಿಗೆ ತಿಳಿಯಿತು. ಎಣ್ಣೆ ಬಿಸಿಮಾಡಿ ತರುವಂತೆ ಗಂಡನಿಗೆ ಹೇಳಿದಳು. ಮೂರ್ತಪ್ಪ ಶಿಫ್ಟಿಗೆ ಹೊತ್ತಾಯಿತು ಎಂದ.

“ಆಗ್ಲಿ,” ಎಂದಳು ಚೌಡಮ್ಮ. “ಎಣ್ಣೆ ತನ್ನಿ.”

ಬಂಗಾರಮ್ಮ ಏನೂ ಅನ್ನಲಿಲ್ಲ. ಮೂರ್ತಪ್ಪ ಎದ್ದು ಎಣ್ಣೆಗೆ ಹೋದ.